ಹೂಡದ ಮೂಲೆ

ಅವಳು ಬಂದದ್ದು ಮಂಗಳವಾರ, ಕೆಂಧೂಳೆಬ್ಬಿಸಿಕೊಂಡು.
ಹೆಸರು ಇಮೋಜೆನ್.
ನನ್ನ ಮೊಮ್ಮಗಳಿಗಿಂತ ಎರಡು ವರ್ಷ ದೊಡ್ಡವಳಿರಬೇಕು.
ಕಂಕುಳಲ್ಲಿ ನಕ್ಷೆ, ಕೈಯಲ್ಲಿ ಅರ್ಜಿ,
ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಬೆಲ್ಟು ಕಟ್ಟಿ ಕೂರಿಸಿದ
ಮರದ ಗೂಡುಪೆಟ್ಟಿಗೆ.

ನಾನು ಕೇಳಬೇಕೆಂದಿದ್ದದ್ದು ಒಂದೇ ಮಾತು:
ಬೇಲಿಗೆ ದುಡ್ಡು ಕೊಡುತ್ತೀರಾ?
"ಅರ್ಧ ಸಿಗಬಹುದು. ಮೊದಲು ನೋಡೋಣ" ಎಂದಳು.

ನೋಡುವುದಕ್ಕೇನಿದೆ?
ಎಂಟುನೂರು ಹೆಕ್ಟೇರ್ ಗೋಧಿಯ ನಡುವೆ
ನಲವತ್ತು ಹೆಕ್ಟೇರ್ ಕಲ್ಲು, ವಾಂಡೂ ಮರ, ಮುಳ್ಳುಪೊದೆ.
ಅಪ್ಪ ಅದನ್ನು ಸೋಮಾರಿ ಮೂಲೆ ಎನ್ನುತ್ತಿದ್ದ.
ಆಗ ಸರ್ಕಾರದ ಕಾಗದ ಹೇಳುತ್ತಿತ್ತು:
ಕಡಿ, ಇಲ್ಲವೇ ಜಮೀನು ಬಿಡು.
ಎರಡು ಟ್ರ್ಯಾಕ್ಟರಿನ ನಡುವೆ ಹಡಗಿನ ಸರಪಳಿ ಬಿಗಿದು
ಅಪ್ಪ, ಚಿಕ್ಕಪ್ಪ ಕಾಡನ್ನು ಎಳೆದೆಳೆದು ಕೆಡವಿದರು.
ಏಳು ವರ್ಷದ ನಾನು ಬೇಲಿಗೂಟದ ಮೇಲೆ ಕೂತು
ಬೀಳುವ ಮರ ಎಣಿಸುತ್ತಿದ್ದೆ.
ನೂರಾದ ಮೇಲೆ ಬೇಸರ ಬಂತು.
ಆ ಮೂಲೆ ತಲುಪುವಾಗ ಸರಪಳಿ ತುಂಡಾಯಿತು.
ಹೊಸದಕ್ಕೆ ಕಾಸಿರಲಿಲ್ಲ. ಅಷ್ಟೇ.
ಇದರಲ್ಲಿ ಪುಣ್ಯ ಹುಡುಕಬೇಡ, ಹುಡುಗಿ.

ಅವಳು ಹುಡುಕುತ್ತಿದ್ದದ್ದು ಬೇರೆ.
ಮೊಣಕಾಲೂರಿ, ತರಗೆಲೆ ಸರಿಸಿ,
ಉಗುರಿನಷ್ಟು ಹಳದಿ ಆರ್ಕಿಡ್ ತೋರಿಸಿದಳು.
ಅರುವತ್ತು ವರ್ಷ ಬೂಟು ಹಾಕಿ ತುಳಿದದ್ದು ಅದನ್ನೇ ಇರಬೇಕು.
ಆಮೇಲೆ ಒಣಗಿ ನಿಂತ ಒಂದು ವಾಂಡೂ.
ಚಳಿಗೆ ಸೌದೆಯಾದೀತೆಂದು ನಾನೇ ಸುಣ್ಣದ ಗೀಟೆಳೆದಿಟ್ಟ ಮರ.
ಪೊಟರೆಯ ಬಾಯಲ್ಲಿ ಉಣ್ಣೆಯ ಎಳೆ, ನಮ್ಮ ಕುರಿಯದೇ.
"ಫ್ಯಾಸ್ಕೊಗೇಲ್" ಎಂದಳು, ಉಸಿರು ಬಿಗಿಹಿಡಿದು.
ಬಾಟಲಿ ತೊಳೆಯುವ ಬ್ರಷ್ಷಿನಂಥ ಬಾಲವಂತೆ.
ಗಂಡು ವರ್ಷ ತುಂಬುವ ಮೊದಲೇ
ಬೆದೆಗೆ ಬಂದು, ಅಲೆದು, ಸುಸ್ತಾಗಿ ಸಾಯುವುದಂತೆ.
ಪಕ್ಕದ ಜಮೀನಿನ ಲೈಲ್ ನೆನಪಾಗಿ ನಗು ಬಂತು.
ಯಾಕೆಂದು ಹೇಳಲಿಲ್ಲ.

ಟೀ ಆರುವಷ್ಟು ಹೊತ್ತು ಸಲಹೆ:
ಬಿದ್ದ ದಿಮ್ಮಿ ಎತ್ತಬೇಡಿ. ಒಣಮರ ಕಡಿಯಬೇಡಿ.
ಕುರಿ ಬಿಡಬೇಡಿ. ಚೊಕ್ಕ ಮಾಡಬೇಡಿ.
ನರಿಯದೊಂದು ಕಾಟ, ಅದಕ್ಕೆ ನಾನೇ ಬರುತ್ತೇನೆ.
ಎಪ್ಪತ್ತರ ಹತ್ತಿರಕ್ಕೂ ಬಿಡುವು ಕಾಣದ ಕೈ ಇದು.
ಸುಮ್ಮನಿರುವುದನ್ನೂ
ಯಾರಾದರೂ ಬಂದು ಹೇಳಿಕೊಡಬೇಕಾಯಿತು ನೋಡು.

ಅರ್ಜಿಯ ಮೊದಲ ಖಾನೆ: ಮಾಲೀಕರ ಹೆಸರು.
ಡೆಲ್ಮಾ ರೋಸ್‌ವಾರ್ನ್ ಎಂದು ಬರೆದೆ.
ಪೆನ್ನು ಅಲ್ಲೇ ನಿಂತಿತು.
ವಾಂಡೂ ಎಂಬ ಮಾತೇ ನಮ್ಮದಲ್ಲ.
ಆ ಹೆಸರಿಟ್ಟ ನ್ಯೂಂಗಾರ್ ಜನ
ಬಂಡೆಯ ಗುಳಿಗಳಿಗೆ ಚಪ್ಪಡಿ ಮುಚ್ಚಿ ನೀರು ಕಾಯುತ್ತಿದ್ದರು.
ಒಂದು ಚಪ್ಪಡಿ ಇನ್ನೂ ಇಟ್ಟಲ್ಲೇ ಇದೆ.
ಇಟ್ಟವರು ಎಲ್ಲಿಗೆ ಹೋದರೆಂದು ಅಪ್ಪ ಹೇಳಲಿಲ್ಲ,
ನಾನು ಕೇಳಲಿಲ್ಲ.
ಅದಕ್ಕೆ ಖಾನೆ ಎಲ್ಲಿ, ಎಂದೆ.
"ಅಂಚಿನಲ್ಲಿ ಬರೆಯಿರಿ."
ಬರೆದೆ. ಅಂಚು ಸಾಲಲಿಲ್ಲ.
ಕಾಗದ ತಿರುಗಿಸಿದೆ.

ತಿಂಗಳ ಮೇಲೆ ಗೇಟಿಗೆ ಹಲಗೆ ಬಂತು.
ಲೈಲ್ ಗಾಡಿ ನಿಲ್ಲಿಸಿ ಎರಡು ಸಲ ಓದಿದ.
"ಇನ್ನು ನಿನ್ನ ಗೇಟು ದಾಟಲು ಹಕ್ಕಿಗಳ ಅಪ್ಪಣೆ ಬೇಕಾ?"
ನಕ್ಕು ಹೋದ.
ಅವನ ತಗ್ಗಿನ ಹೊಲ ಉಪ್ಪೇರಿ
ನೆತ್ತಿಯ ಹಾಗೆ ಬೆಳ್ಳಗಾಗಿ ಆರು ವರ್ಷವಾಯಿತು.
ರಾತ್ರಿ ಫೋನು ಮಾಡಿದ, ಹವೆ, ಗೋಧಿ ಬೆಲೆ, ಮಂಡಿನೋವು,
ಎಲ್ಲ ಮುಗಿದ ಮೇಲೆ, ಇಡುವ ಮುಂಚೆ:
"ಆ ಹುಡುಗಿಯ ನಂಬರ್ ಇದೆಯಾ?"

ಜೂನ್. ಮೂಳೆ ಕೊರೆಯುವ ಚಳಿ.
ನಲವತ್ತು ಹೆಕ್ಟೇರ್ ಮರ ಇಟ್ಟುಕೊಂಡು
ಪೇಟೆಯಿಂದ ಸೌದೆ ತರಿಸಿದ್ದೇನೆ, ದುಡ್ಡು ಕೊಟ್ಟು.
ಅರ್ಧ ಬೇಲಿಯ ದುಡ್ಡು ಬಂದಿದೆ, ಇನ್ನರ್ಧ
ಈ ಸಲದ ಉಣ್ಣೆ ಹೇಳಬೇಕು.
ನಿದ್ದೆ ಬಾರದೆ ಟಾರ್ಚ್ ಹಿಡಿದು ಹೋದೆ.
ಏನೂ ಕಾಣಲಿಲ್ಲ.
ನನ್ನ ಸುಣ್ಣದ ಗೀಟು ಮಾತ್ರ, ಅದರ ಮೇಲೆ ಅಡ್ಡಕ್ಕೆ
ಸಣ್ಣ ಸಣ್ಣ ಉಗುರಿನ ಗೆರೆ, ಹಸಿಯಾಗಿ.